ಹಳೇ ಪ್ರೊಸೆಸರ್ ಓಡಿಸೋ ಮುನ್ನ: ಓವರ್‌ಕ್ಲಾಕಿಂಗ್‌ನ ಲಾಭ ಎಷ್ಟು, ಬೆಲೆ ಎಷ್ಟು?

ಈ ಸಂಚಿಕೆಯನ್ನ ನೀವು ಬಹುಶಃ ಫೋನಿನಲ್ಲೇ ಕೇಳ್ತಿದ್ದೀರಿ. ಆ ಫೋನಿನ ಒಳಗಿರೋ ಪ್ರೊಸೆಸರ್ ಯಾವಾಗ ಜೋರಾಗಿ ಓಡಬೇಕು, ಬಿಸಿಯಾದಾಗ ಎಷ್ಟು ನಿಧಾನ ಆಗಬೇಕು ಅನ್ನೋದನ್ನ ತಾನೇ ತೀರ್ಮಾನ ಮಾಡುತ್ತೆ. ನಿಮ್ಮನ್ನ ಒಂದು ಮಾತೂ ಕೇಳಲ್ಲ. ಆದರೆ ಮನೆಯ ಮೂಲೆಯಲ್ಲಿ ಹತ್ತು-ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್ ಕೂತಿದ್ದರೆ, ಅದರಲ್ಲಿ ಆ ತೀರ್ಮಾನವನ್ನ ನೀವೇ ಬದಲಾಯಿಸೋ ಅವಕಾಶ ಇರಬಹುದು. ಅದಕ್ಕೇ ಓವರ್‌ಕ್ಲಾಕಿಂಗ್ ಅನ್ನೋದು.

ಹೊಸ ಕಂಪ್ಯೂಟರ್ ಕೊಳ್ಳೋಕೆ ಸದ್ಯಕ್ಕೆ ದುಡ್ಡಿಲ್ಲ, ಇರೋದರಲ್ಲೇ ವಿಡಿಯೊ ಎಡಿಟ್ ಮಾಡಬೇಕು, ಕಾಲೇಜಿನ ಪ್ರಾಜೆಕ್ಟ್ ಮುಗಿಸಬೇಕು ಅನ್ನೋರಿಗೆ ಈ ಮಾತು ಬಹಳ ಆಸೆ ಹುಟ್ಟಿಸುತ್ತೆ. 'ಪುಕ್ಕಟೆ ವೇಗ' ಅಂತಾನೇ ಇದನ್ನ ಹೇಳಿಕೊಡೋರಿದ್ದಾರೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಇಷ್ಟೇ: ವೇಗ ಸಿಗೋದು ನಿಜ, ಪುಕ್ಕಟೆ ಅನ್ನೋದು ಸುಳ್ಳು. ಚಿಪ್ ಮಾಡಿದವರು ಸುರಕ್ಷತೆಗೆ ಅಂತ ಉಳಿಸಿಟ್ಟ ಜಾಗವನ್ನ ನಾವು ಖರ್ಚು ಮಾಡ್ತೀವಿ. ಎಷ್ಟು ಖರ್ಚು ಮಾಡ್ತಿದ್ದೀವಿ ಅಂತ ಗೊತ್ತಿದ್ದರೆ ತೊಂದರೆಯಿಲ್ಲ. ಗೊತ್ತಿಲ್ಲದೆ ಮಾಡಿದರೆ ಕಳೆದುಹೋಗೋದು ಪ್ರೊಸೆಸರ್ ಅಲ್ಲ, ಅದರಲ್ಲಿರೋ ನಿಮ್ಮ ಕೆಲಸ.

ಒಂದು ಚಿಪ್ ಇಟ್ಕೊಂಡು ಮಾತಾಡೋಣ

ಉದಾಹರಣೆಗೆ ಇಂಟೆಲ್ ಕೋರ್ ಐ5-2500ಕೆ ತಗೊಳ್ಳೋಣ. 2011ರ ಜನವರಿಯಲ್ಲಿ ಬಂದ ಪ್ರೊಸೆಸರ್ ಇದು. 'ಸ್ಯಾಂಡಿ ಬ್ರಿಡ್ಜ್' ಅನ್ನೋ ಪೀಳಿಗೆ, 32 ನ್ಯಾನೋಮೀಟರ್ ತಂತ್ರಜ್ಞಾನ, ನಾಲ್ಕು ಕೋರ್. ಬಿಡುಗಡೆಯಾದಾಗ ಇದರ ಬೆಲೆ 216 ಡಾಲರ್. ಇದರ ಜೊತೆಗೇ ಬಂದ, ಹೆಸರಲ್ಲಿ 'ಕೆ' ಇಲ್ಲದ ಐ5-2500ಗೆ 205 ಡಾಲರ್. ಹನ್ನೊಂದು ಡಾಲರ್ ಹೆಚ್ಚು ಕೊಟ್ಟರೆ ಸಿಗ್ತಿದ್ದ ಮುಖ್ಯ ವಿಷಯ ಅಂದ್ರೆ ಬೀಗ ತೆಗೆದ ಮಲ್ಟಿಪ್ಲೈಯರ್.

ಮಲ್ಟಿಪ್ಲೈಯರ್ ಅಂದ್ರೆ ಗುಣಕ. ಮದರ್‌ಬೋರ್ಡ್‌ನಲ್ಲಿ 100 ಮೆಗಾಹರ್ಟ್ಸ್‌ನ ಒಂದು ಮೂಲ ತಾಳ ಇರುತ್ತೆ, ಅದನ್ನ ಬೇಸ್ ಕ್ಲಾಕ್ ಅಂತಾರೆ. ಪ್ರೊಸೆಸರ್ ಅದನ್ನ 33ರಿಂದ ಗುಣಿಸಿಕೊಂಡ್ರೆ 3,300 ಮೆಗಾಹರ್ಟ್ಸ್, ಅಂದ್ರೆ 3.3 ಗಿಗಾಹರ್ಟ್ಸ್. ಇದು 2500ಕೆ ಡಬ್ಬಿ ಮೇಲೆ ಬರೆದಿರೋ ವೇಗ. ಗುಣಕವನ್ನ 45 ಮಾಡಿದ್ರೆ 4.5 ಗಿಗಾಹರ್ಟ್ಸ್. ಲೆಕ್ಕ ಅಷ್ಟು ಸರಳ. ಒಳ್ಳೇ ಕೂಲರ್ ಇದ್ದ ಬಹಳಷ್ಟು 2500ಕೆ ಚಿಪ್‌ಗಳು ಈ 4.5ರ ಆಸುಪಾಸು ಮುಟ್ಟುತ್ತಿದ್ದವು. ಅದಕ್ಕೇ ಇವತ್ತಿಗೂ ಇದರ ಹೆಸರು ಹೇಳಿದ್ರೆ ಹಳೇ ಕಂಪ್ಯೂಟರ್ ಪ್ರಿಯರ ಮುಖ ಅರಳುತ್ತೆ.

ಇದಕ್ಕೂ ಮುಂಚೆ ಈ ಆಟದ ದಾರಿ ಬೇರೆ ಇತ್ತು. 1998ರ ಆಗಸ್ಟ್‌ನಲ್ಲಿ ಇಂಟೆಲ್‌ನದ್ದೇ ಸೆಲೆರಾನ್ 300ಎ ಬಂತು. ಅದರ ಗುಣಕ 4.5ಕ್ಕೆ ಬೀಗ ಹಾಕಿ ಕೊಟ್ಟಿದ್ದರು, ಮೂಲ ತಾಳ 66 ಮೆಗಾಹರ್ಟ್ಸ್. ಗುಣಿಸಿದರೆ 300. ಜನ ಮಾಡಿದ್ದೇನು? ಗುಣಕದ ತಂಟೆಗೆ ಹೋಗದೆ ಮೂಲ ತಾಳವನ್ನೇ 100 ಮಾಡಿದರು. ಸಿಕ್ಕಿದ್ದು 450 ಮೆಗಾಹರ್ಟ್ಸ್. ಆ ಚಿಪ್‌ಗೆ 149 ಡಾಲರ್, ಅದೇ ವೇಗದ ಪೆಂಟಿಯಂ ಟೂಗೆ 669 ಡಾಲರ್. ಓವರ್‌ಕ್ಲಾಕಿಂಗ್‌ಗೆ ಯಾಕೆ ಅಷ್ಟು ಹೆಸರು ಬಂತು ಅನ್ನೋದು ಈ ಎರಡು ಸಂಖ್ಯೆ ನೋಡಿದ್ರೆ ಗೊತ್ತಾಗುತ್ತೆ.

2007ರ ಕೋರ್ 2 ಕ್ವಾಡ್ ಕ್ಯೂ6600ದಲ್ಲೂ ಹೀಗೇ. 266ನ್ನ 9ರಿಂದ ಗುಣಿಸಿದರೆ 2.4 ಗಿಗಾಹರ್ಟ್ಸ್, ಮೂಲ ತಾಳವನ್ನ 333 ಮಾಡಿದರೆ ಸರಿಯಾಗಿ 3.0. ಸ್ಯಾಂಡಿ ಬ್ರಿಡ್ಜ್‌ನಲ್ಲಿ ಮಾತ್ರ ಆ ದಾರಿ ಮುಚ್ಚಿಹೋಯ್ತು. ಅದರಲ್ಲಿ ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲದರ ತಾಳವೂ ಒಂದೇ ಮೂಲದಿಂದ ಹೊರಡುತ್ತೆ. 100ನ್ನ 105 ಮಾಡೋದ್ರೊಳಗೆ ಬೇರೆ ಭಾಗಗಳು ತಪ್ಪು ಮಾಡೋಕೆ ಶುರು ಮಾಡ್ತವೆ. ಹಾಗಾಗಿ ಉಳಿದದ್ದು ಗುಣಕ ಒಂದೇ.

ಉಳಿಸಿಟ್ಟ ಜಾಗ ಅಂದ್ರೆ ಏನು?

4.5 ಓಡೋ ಶಕ್ತಿ ಇದ್ದ ಚಿಪ್‌ನ ಮೇಲೆ 3.3 ಅಂತ ಯಾಕೆ ಬರೆದರು? ಮೋಸವಾ? ಅಲ್ಲ.

ಒಂದೇ ಸಿಲಿಕಾನ್ ತಟ್ಟೆಯಿಂದ ಕತ್ತರಿಸಿದ ಚಿಪ್‌ಗಳೂ ಒಂದೇ ಥರ ಇರಲ್ಲ. ಒಂದೇ ಮರದ ಮಾವಿನ ಹಣ್ಣುಗಳ ಹಾಗೆ, ಕೆಲವು ತುಂಬಾ ಚೆನ್ನಾಗಿರ್ತವೆ, ಕೆಲವು ಸಾಧಾರಣ. ಕಾರ್ಖಾನೆಯಲ್ಲಿ ಅವನ್ನ ಪರೀಕ್ಷೆ ಮಾಡಿ ದರ್ಜೆ ಪ್ರಕಾರ ಬೇರೆ ಮಾಡ್ತಾರೆ. ಒಂದು ದರ್ಜೆಯ ಮೇಲೆ ಬರೆಯೋ ವೇಗ ಆ ಗುಂಪಿನ ಅತ್ಯಂತ ದುರ್ಬಲ ಚಿಪ್ ಕೂಡ ಮುಟ್ಟಲೇಬೇಕಾದ ವೇಗ. ಅದೂ ಹೇಗೆ? ಬೇಸಿಗೆಯ ಬಿಸಿಯಲ್ಲಿ, ಧೂಳು ತುಂಬಿದ ಫ್ಯಾನ್ ಜೊತೆ, ಅಗ್ಗದ ಪವರ್ ಸಪ್ಲೈ ಮೇಲೆ, ವರ್ಷಗಟ್ಟಲೆ. ಇಷ್ಟೆಲ್ಲಕ್ಕೂ ಸೇರಿಸಿ ಗ್ಯಾರಂಟಿ ಕೊಡಬೇಕು ಅಂದ್ರೆ ಸ್ವಲ್ಪ ಕೆಳಗೇ ನಿಲ್ಲಿಸಬೇಕಾಗುತ್ತೆ.

ನಿಮ್ಮ ಕೈಲಿರೋ ಚಿಪ್ ಆ ಗುಂಪಿನ ಮೇಲಿನದ್ದೋ ಕೆಳಗಿನದ್ದೋ ಓಡಿಸಿ ನೋಡದೆ ಗೊತ್ತಾಗಲ್ಲ. ಅದಕ್ಕೇ ಇದನ್ನ ಸಿಲಿಕಾನ್ ಲಾಟರಿ ಅನ್ನೋದು. ಯಾರದ್ದೋ ವಿಡಿಯೊದಲ್ಲಿ 4.8 ಬಂತು ಅಂದ ಮಾತ್ರಕ್ಕೆ ನಿಮ್ಮದಕ್ಕೂ ಬರಬೇಕು ಅಂತ ಏನಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತೆ. ಒಂದೇ ವ್ಯತ್ಯಾಸ ಅಂದ್ರೆ, ಹಾಸಿಗೆ ಎಷ್ಟುದ್ದ ಇದೆ ಅಂತ ಇಲ್ಲಿ ನೀವೇ ಅಳೆಯಬೇಕು.

ವೇಗ ಹೆಚ್ಚಿಸಿದ್ರೆ ಒಳಗೆ ಏನಾಗುತ್ತೆ?

ಮನೆ ಕಟ್ಟೋವಾಗ ತಾರಸಿಗೆ ಮೋಲ್ಡ್ ಹಾಕೋದನ್ನ ನೀವು ನೋಡಿರ್ತೀರಿ. ಕೆಳಗಿನಿಂದ ಮೇಲಿನವರೆಗೆ ಜನ ಸಾಲಾಗಿ ನಿಂತಿರ್ತಾರೆ, ಕಾಂಕ್ರೀಟ್ ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಹೋಗ್ತಿರುತ್ತೆ. ಮೇಸ್ತ್ರಿ ಒಂದು ಸಲ ಸೀಟಿ ಊದಿದಾಗ ಎಲ್ಲರ ಬಾಂಡ್ಲಿಯೂ ಮುಂದಿನವರ ಕೈ ಸೇರಿರಬೇಕು ಅಂತ ಇಟ್ಕೊಳ್ಳಿ. ಮೇಸ್ತ್ರಿ ಬೇಗ ಬೇಗ ಸೀಟಿ ಊದೋಕೆ ಶುರು ಮಾಡಿದ್ರೆ? ಗಟ್ಟಿಮುಟ್ಟಾದವರು ನಿಭಾಯಿಸ್ತಾರೆ. ಸಾಲಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ, ಅವರ ಕೈಯಿಂದ ಬಾಂಡ್ಲಿ ಬೀಳುತ್ತೆ. ಇಡೀ ಸಾಲಿನ ವೇಗ ಆ ಒಬ್ಬರ ಮೇಲೆ ನಿಂತಿದೆ.

ಪ್ರೊಸೆಸರ್ ಕೂಡ ಹಾಗೇ. 3.4 ಗಿಗಾಹರ್ಟ್ಸ್‌ನಲ್ಲಿ ಒಂದು ಸೀಟಿಗೂ ಇನ್ನೊಂದು ಸೀಟಿಗೂ ನಡುವೆ ಇರೋ ಸಮಯ ಸುಮಾರು 0.29 ನ್ಯಾನೋಸೆಕೆಂಡ್. 4.5ರಲ್ಲಿ 0.22. ಅಷ್ಟು ಹೊತ್ತಲ್ಲಿ ಬೆಳಕು ಕೂಡ ಏಳು ಸೆಂಟಿಮೀಟರ್ ದೂರ ಹೋಗಲ್ಲ. ಅಷ್ಟರೊಳಗೆ ಸಾಲುಸಾಲು ಟ್ರಾನ್ಸಿಸ್ಟರ್‌ಗಳು ಒಂದರ ನಂತರ ಒಂದು ತಿರುಗಿ ಉತ್ತರ ಸಿದ್ಧ ಮಾಡಿರಬೇಕು. ಆಗದಿದ್ರೆ ಅರ್ಧಂಬರ್ಧ ಉತ್ತರವೇ ಮುಂದೆ ಹೋಗುತ್ತೆ.

ಟ್ರಾನ್ಸಿಸ್ಟರ್ ಬೇಗ ತಿರುಗೋ ಹಾಗೆ ಮಾಡೋಕೆ ಇರೋ ಉಪಾಯ ವೋಲ್ಟೇಜ್ ಹೆಚ್ಚಿಸೋದು. ಪೆಟ್ಟು ಬೀಳೋದು ಅಲ್ಲೇ. ಪ್ರೊಸೆಸರ್ ಕೆಲಸ ಮಾಡುವಾಗ ಸುಡೋ ವಿದ್ಯುತ್ತು ವೇಗಕ್ಕೆ ತಕ್ಕ ಹಾಗೆ ಏರುತ್ತೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ವೋಲ್ಟೇಜನ್ನ ಅದರಿಂದಲೇ ಗುಣಿಸಿದಷ್ಟು.

ಲೆಕ್ಕ ಹಾಕಿಯೇ ನೋಡೋಣ. 2500ಕೆ ನಾಲ್ಕೂ ಕೋರ್ ದುಡಿಯೋವಾಗ ಟರ್ಬೊ ಸೇರಿ ಓಡೋದು 3.4 ಗಿಗಾಹರ್ಟ್ಸ್‌ನಲ್ಲಿ. ಉದಾಹರಣೆಗೆ ಆಗ ವೋಲ್ಟೇಜ್ 1.20 ಇದೆ, 4.5ಕ್ಕೆ ಹೋಗೋಕೆ 1.35 ಬೇಕಾಯ್ತು ಅಂದುಕೊಳ್ಳಿ. ವೇಗ ಏರಿದ್ದು ಶೇ. 32. ವೋಲ್ಟೇಜಿನ ವರ್ಗ ಏರಿದ್ದು ಶೇ. 27ರಷ್ಟು. ಎರಡನ್ನೂ ಗುಣಿಸಿದರೆ ಬಿಸಿ ಏರಿದ್ದು ಶೇ. 67. ಗಳಿಸಿದ್ದು 32, ಕೊಟ್ಟಿದ್ದು 67.

ಈಗ 4.5 ಬಿಟ್ಟು 4.2ಕ್ಕೆ ನಿಂತ್ರೆ ಏನಾಗುತ್ತೆ ನೋಡಿ. ಅಲ್ಲಿಗೆ 1.25 ವೋಲ್ಟ್ ಸಾಕಾಯ್ತು ಅಂತ ಇಟ್ಕೊಂಡ್ರೆ, ವೇಗ ಸುಮಾರು ಶೇ. 24 ಹೆಚ್ಚು, ಬಿಸಿ ಸುಮಾರು ಶೇ. 34 ಹೆಚ್ಚು. ಅಂದ್ರೆ 4.2ರಿಂದ 4.5ಕ್ಕೆ ಹೋಗುವ ಕೊನೆಯ ಹೆಜ್ಜೆಯಲ್ಲಿ ಸಿಗೋ ವೇಗ ಶೇ. 7 ಮಾತ್ರ, ಅದಕ್ಕೆ ಕೊಡೋ ವಿದ್ಯುತ್ತು ಶೇ. 25. ನಿಮ್ಮ ಚಿಪ್‌ನ ವೋಲ್ಟೇಜ್ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು, ಆದರೆ ಗೆರೆ ಬಾಗೋ ರೀತಿ ಇದೇ. ಮೊದಲ ಹೆಜ್ಜೆಗಳು ಅಗ್ಗ, ಕೊನೆಯ ಹೆಜ್ಜೆಗಳು ದುಬಾರಿ. ಈ ಸಂಚಿಕೆಯಲ್ಲಿ ಒಂದೇ ವಿಷಯ ನೆನಪಿಟ್ಕೊಳ್ತೀರಿ ಅಂದ್ರೆ ಇದನ್ನೇ ಇಟ್ಕೊಳ್ಳಿ.

ನಿಮ್ಮ ಯಂತ್ರದಲ್ಲಿ ಆಗುತ್ತಾ?

ಮೊದಲು ಹೆಸರು ನೋಡಿ. ಸಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶ ಪ್ರೊಸೆಸರ್ ಹೆಸರು, ಮದರ್‌ಬೋರ್ಡ್ ಹೆಸರು ಎರಡನ್ನೂ ತೋರಿಸುತ್ತೆ. ಸ್ಯಾಂಡಿ ಬ್ರಿಡ್ಜ್ ಕಾಲದ ಇಂಟೆಲ್ ಆದರೆ ಪ್ರೊಸೆಸರ್ ಹೆಸರಿನ ಕೊನೆಗೆ 'ಕೆ' ಇರಬೇಕು, ಮದರ್‌ಬೋರ್ಡ್ ಪಿ67, ಝಡ್68 ಅಥವಾ ಝಡ್77 ಥರದ್ದಾಗಿರಬೇಕು. ಎಚ್61 ಬೋರ್ಡ್ ಇದ್ದರೆ ಗುಣಕ ಏರಿಸೋ ಆಸೆ ಬಿಟ್ಟುಬಿಡಿ. ಕಚೇರಿಗಳಿಂದ ಹೊರಬಿದ್ದು ಸೆಕೆಂಡ್ ಹ್ಯಾಂಡ್ ಆಗಿ ಸಿಗೋ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲೂ ಸಾಮಾನ್ಯವಾಗಿ ಈ ಆಯ್ಕೆ ಇರಲ್ಲ. ಲ್ಯಾಪ್‌ಟಾಪ್ ಇದ್ರೆ ಇದಕ್ಕೆ ಕೈಹಾಕಲೇಬೇಡಿ. ಅದರ ಫ್ಯಾನು, ಹೀಟ್‌ಸಿಂಕು ಇರೋ ಬಿಸಿಗೇ ಸಾಕಾಗಿರಲ್ಲ.

ಎರಡನೆಯದು ಪವರ್ ಸಪ್ಲೈ, ನಾವು ಎಸ್‌ಎಂಪಿಎಸ್ ಅಂತೀವಲ್ಲ ಅದು. ಹೆಸರಿಲ್ಲದ, ತೂಕವೇ ಇಲ್ಲದ ಎಸ್‌ಎಂಪಿಎಸ್ ಇದ್ದರೆ ಓವರ್‌ಕ್ಲಾಕಿಂಗ್ ಬೇಡ. ಪ್ರೊಸೆಸರ್ ಹೆಚ್ಚಿಗೆ ಎಳೆಯೋ ಪ್ರತಿ ವ್ಯಾಟ್ ಕೂಡ ಮೊದಲು ಅದರ ಮೂಲಕ, ಆಮೇಲೆ ಮದರ್‌ಬೋರ್ಡ್ ಮೇಲಿನ ವೋಲ್ಟೇಜ್ ಸರ್ಕ್ಯೂಟ್ ಮೂಲಕ ಬರಬೇಕು. ಹತ್ತು ವರ್ಷ ದಾಟಿದ ಬೋರ್ಡ್‌ನಲ್ಲಿ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ.

ಮೂರನೆಯದು ಕೂಲರ್. ಡಬ್ಬಿ ಜೊತೆ ಬಂದ ಚಿಕ್ಕ ಫ್ಯಾನು ಇರೋ ವೇಗಕ್ಕೆ ಸಾಕು, ಹೆಚ್ಚಿಗೆ ಸಾಲಲ್ಲ. ಏನೇ ಮಾಡೋದಿದ್ದರೂ ಮೊದಲು ಧೂಳು ತೆಗೀರಿ, ಒಣಗಿಹೋಗಿರೋ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಿ. ಸ್ಯಾಂಡಿ ಬ್ರಿಡ್ಜ್‌ನ ಒಂದು ಅನುಕೂಲ ಅಂದ್ರೆ ಚಿಪ್‌ಗೂ ಮೇಲಿನ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಇದೆ, ಬಿಸಿ ಸಲೀಸಾಗಿ ಹೊರಗೆ ಬರುತ್ತೆ. ಮುಂದಿನ ವರ್ಷ ಬಂದ ಐವಿ ಬ್ರಿಡ್ಜ್‌ನಲ್ಲಿ ಬೆಸುಗೆ ಬದಲು ಪೇಸ್ಟ್ ಹಾಕಿದರು. ಹಾಗಾಗಿ ವೇಗ ಏರಿಸಿದಾಗ ಅದು ಬೇಗ ಬಿಸಿಯಾಗ್ತಿತ್ತು.

ಹೆಜ್ಜೆ ಹೆಜ್ಜೆಯಾಗಿ

ಮೊದಲ ಹೆಜ್ಜೆ ಬ್ಯಾಕಪ್. ಫೋಟೋ, ಪ್ರಾಜೆಕ್ಟ್, ಅಂಗಡಿ ಲೆಕ್ಕ, ಏನಿದೆಯೋ ಎಲ್ಲವನ್ನೂ ಹೊರಗಿನ ಡ್ರೈವ್‌ಗೆ ಹಾಕಿ, ಆ ಡ್ರೈವನ್ನ ಕಂಪ್ಯೂಟರ್‌ನಿಂದ ಬಿಚ್ಚಿಡಿ. ಯಾಕೆ ಬಿಚ್ಚಿಡಬೇಕು ಅಂತ ಮುಂದೆ ಹೇಳ್ತೀನಿ.

ಎರಡನೇ ಹೆಜ್ಜೆ, ಏನೂ ಬದಲಿಸದೆ ಅಳತೆ ತಗೊಳ್ಳೋದು. ಕೋರ್ ಟೆಂಪ್ ಥರದ ತಂತ್ರಾಂಶದಲ್ಲಿ ಉಷ್ಣಾಂಶ ನೋಡ್ತಾ, ಪ್ರೈಮ್95ನ ಟಾರ್ಚರ್ ಟೆಸ್ಟ್ ಅರ್ಧ ಗಂಟೆ ಓಡಿಸಿ. ಇದು ಮೂಲತಃ ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನ ಹುಡುಕೋ ತಂತ್ರಾಂಶ. ಇದರ ವಿಶೇಷ ಏನಂದ್ರೆ, ಈಗಾಗಲೇ ಉತ್ತರ ಗೊತ್ತಿರೋ ಲೆಕ್ಕಗಳನ್ನೇ ಪ್ರೊಸೆಸರ್‌ಗೆ ಕೊಟ್ಟು, ಬಂದ ಉತ್ತರವನ್ನ ತಾಳೆ ನೋಡುತ್ತೆ. ಕಂಪ್ಯೂಟರ್ ನಿಂತಿತಾ ಇಲ್ಲವಾ ಅಂತಷ್ಟೇ ಅಲ್ಲ, ತಪ್ಪು ಲೆಕ್ಕ ಹಾಕಿತಾ ಅಂತಲೂ ಹೇಳುತ್ತೆ. ಮೂಲ ವೇಗದಲ್ಲೇ ಉಷ್ಣಾಂಶ 80 ಡಿಗ್ರಿ ದಾಟಿದ್ರೆ ನಿಮಗೆ ಬೇಕಿರೋದು ಓವರ್‌ಕ್ಲಾಕಿಂಗ್ ಅಲ್ಲ, ಕೂಲರ್.

ಮೂರನೇ ಹೆಜ್ಜೆ. ಕಂಪ್ಯೂಟರ್ ಶುರುವಾಗೋವಾಗ ಬಯಾಸ್‌ಗೆ ಹೋಗಿ. ಬೇಸ್ ಕ್ಲಾಕ್ 100ರಲ್ಲೇ ಇರಲಿ. ಗುಣಕವನ್ನ ಒಂದೇ ಸಲ 45 ಮಾಡಬೇಡಿ, 38ರಿಂದ ಶುರು ಮಾಡಿ. ವೋಲ್ಟೇಜನ್ನ 'ಆಟೊ'ಗೆ ಬಿಡಬೇಡಿ. ಎಷ್ಟೋ ಮದರ್‌ಬೋರ್ಡ್‌ಗಳು ಆಟೊದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೊಟ್ಟುಬಿಡ್ತವೆ. ಮೂಲ ವೋಲ್ಟೇಜಿನಲ್ಲೇ ಎಷ್ಟು ದೂರ ಹೋಗುತ್ತೆ ಅಂತ ಮೊದಲು ನೋಡಿ. ಎಷ್ಟೋ ಸಲ 4 ಗಿಗಾಹರ್ಟ್ಸ್ ಹತ್ತಿರದವರೆಗೆ ವೋಲ್ಟೇಜ್ ಮುಟ್ಟೋ ಅಗತ್ಯವೇ ಬರಲ್ಲ.

ನಾಲ್ಕನೇ ಹೆಜ್ಜೆ, ಪ್ರತಿ ಸಲ ಒಂದು ಅಂಕಿ ಏರಿಸಿ, ಅರ್ಧ ಗಂಟೆ ಪರೀಕ್ಷೆ ಮಾಡಿ. ತಪ್ಪು ಬಂತು ಅಥವಾ ನೀಲಿ ಪರದೆ ಬಂತು ಅಂದ್ರೆ ವೋಲ್ಟೇಜನ್ನ 0.01 ಅಥವಾ 0.02ರಷ್ಟು ಏರಿಸಿ ಮತ್ತೆ ನೋಡಿ. ನನ್ನ ಮಟ್ಟಿಗೆ 2500ಕೆಗೆ 1.35 ವೋಲ್ಟ್ ಲಕ್ಷ್ಮಣರೇಖೆ. ಉಷ್ಣಾಂಶಕ್ಕೆ 80 ಡಿಗ್ರಿ. ಈ ಚಿಪ್ ಸುಮಾರು 98 ಡಿಗ್ರಿಗೆ ತನ್ನನ್ನ ತಾನೇ ನಿಧಾನ ಮಾಡಿಕೊಂಡು ಕಾಪಾಡಿಕೊಳ್ಳುತ್ತೆ, ಆದರೆ ಅಲ್ಲಿವರೆಗೂ ತಳ್ಳೋದರಲ್ಲಿ ಅರ್ಥ ಇಲ್ಲ.

ಕೊನೇ ಹೆಜ್ಜೆ, ಸಿಕ್ಕ ಗರಿಷ್ಠ ವೇಗದಿಂದ ಒಂದೋ ಎರಡೋ ಅಂಕಿ ಕೆಳಗಿಳಿದು ಅಲ್ಲಿ ನಿಲ್ಲಿ. ಆ ವೇಗದಲ್ಲಿ ರಾತ್ರಿಯಿಡೀ ಪರೀಕ್ಷೆ ಓಡಿಸಿ. ಮೆಮ್‌ಟೆಸ್ಟ್86+ ಹಾಕಿ ರ‍್ಯಾಮ್ ಕೂಡ ಪರೀಕ್ಷಿಸಿ. ಸುಮ್ಮನೆ ಕೂತಾಗ ವೇಗ 1.6 ಗಿಗಾಹರ್ಟ್ಸ್ ತೋರಿಸಿದ್ರೆ ಗಾಬರಿ ಬೇಡ, ಕೆಲಸ ಇಲ್ಲದಾಗ ಪ್ರೊಸೆಸರ್ ಉಸಿರು ತಗೊಳ್ತಿದೆ ಅಷ್ಟೇ. ಆ ವ್ಯವಸ್ಥೆಯನ್ನ ಆಫ್ ಮಾಡಬೇಡಿ.

ನಡುವೆ ಎಲ್ಲಾದರೂ ಕಂಪ್ಯೂಟರ್ ಶುರುವೇ ಆಗಲಿಲ್ಲ ಅಂದ್ರೆ? ಗೋಡೆಯಿಂದ ವೈರ್ ಕಿತ್ತು, ಮದರ್‌ಬೋರ್ಡ್ ಮೇಲಿರೋ ನಾಣ್ಯದ ಥರದ ಬ್ಯಾಟರಿಯನ್ನ ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯಾಸ್ ಮೂಲ ಸ್ಥಿತಿಗೆ ಬರುತ್ತೆ.

ಒಂದು ಮಾತು ನಮ್ಮ ಊರುಗಳ ಹವೆಗೆ ಸಂಬಂಧಿಸಿದ್ದು. ಗಾಳಿಯಿಂದ ತಣಿಸೋ ಕೂಲರ್ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಹೋಗಲಾರದು. ಕೋಣೆ 15 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಬಿಸಿಯಾಗುತ್ತೆ. ಡಿಸೆಂಬರ್‌ನ ಬೆಂಗಳೂರಿನಲ್ಲಿ 70 ಡಿಗ್ರಿ ತೋರಿಸಿದ ಯಂತ್ರ ಏಪ್ರಿಲ್‌ನ ಕಲಬುರಗಿಯಲ್ಲೋ ರಾಯಚೂರಿನಲ್ಲೋ 85 ತೋರಿಸಿದರೆ ಆಶ್ಚರ್ಯ ಇಲ್ಲ. ಚಳಿಗಾಲದಲ್ಲಿ ಪಾಸಾದ ಸೆಟ್ಟಿಂಗ್‌ಗೆ ಬೇಸಿಗೆಯಲ್ಲಿ ಇನ್ನೊಂದು ಪರೀಕ್ಷೆ ಕಡ್ಡಾಯ.

ಸದ್ದಿಲ್ಲದೆ ಆಗೋ ತಪ್ಪು

ಬಹಳ ಜನ ಹೆದರೋದು ಪ್ರೊಸೆಸರ್ ಸುಟ್ಟುಹೋಗುತ್ತೆ ಅಂತ. ಮೇಲೆ ಹೇಳಿದ ಮಿತಿಯೊಳಗಿದ್ದರೆ ಅದು ಅಪರೂಪ. ನನಗೆ ಹೆಚ್ಚು ಹೆದರಿಕೆ ಆಗೋದು ಸುಡದೆ ತಪ್ಪು ಮಾಡೋ ಪ್ರೊಸೆಸರ್ ಕಂಡರೆ.

ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲಿ ಬರೆದ ಒಂದು ಪ್ರಸಂಗ ಇದೆ. ವಿಂಡೋಸ್ ಕ್ರ್ಯಾಶ್ ಆದಾಗ ಹೋಗೋ ವರದಿಗಳಲ್ಲಿ ಕೆಲವು ಅರ್ಥವೇ ಆಗ್ತಿರಲಿಲ್ಲ. ಪ್ರೊಸೆಸರ್ ಒಳಗಿನ ಒಂದು ಖಾನೆಯನ್ನ ಸೊನ್ನೆ ಮಾಡು ಅನ್ನೋ ಆದೇಶದ ಮೇಲೆ ಯಂತ್ರ ಬಿದ್ದಿತ್ತು. ಮೆಮೊರಿಯನ್ನೂ ಮುಟ್ಟದ, ತಪ್ಪಾಗೋಕೆ ಜಾಗವೇ ಇಲ್ಲದ ಆದೇಶ ಅದು. ವಿಚಾರಿಸಿದಾಗ ಹೊರಬಂದ ಕಾರಣ ಓವರ್‌ಕ್ಲಾಕಿಂಗ್. ಇನ್ನೂ ಬೇಸರದ ಸಂಗತಿ ಅಂದ್ರೆ, ಅವರಲ್ಲಿ ಕೆಲವರಿಗೆ ತಮ್ಮ ಕಂಪ್ಯೂಟರ್ ಓವರ್‌ಕ್ಲಾಕ್ ಆಗಿದೆ ಅಂತಲೇ ಗೊತ್ತಿರಲಿಲ್ಲ. ಮಾರಿದವರು ಹೇಳದೇ ವೇಗ ಏರಿಸಿ ಕೊಟ್ಟಿದ್ದರು.

2011ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಸುಮಾರು ಹತ್ತು ಲಕ್ಷ ಸಾಮಾನ್ಯ ಪಿಸಿಗಳ ವರದಿಗಳನ್ನ ಅಧ್ಯಯನ ಮಾಡಿ ಒಂದು ಪ್ರಬಂಧ ಪ್ರಕಟಿಸಿದರು. ಓವರ್‌ಕ್ಲಾಕ್ ಆಗಿದ್ದ ಯಂತ್ರಗಳಲ್ಲಿ ಪ್ರೊಸೆಸರ್ ದೋಷದಿಂದ ಕ್ರ್ಯಾಶ್ ಆಗೋ ಸಾಧ್ಯತೆ ಹಲವು ಪಟ್ಟು ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಒಮ್ಮೆ ಹಾಗೆ ಬಿದ್ದ ಯಂತ್ರ ಮತ್ತೆ ಬೀಳೋ ಸಾಧ್ಯತೆಯೂ ಜಾಸ್ತಿ.

ಬಿದ್ದರೆ ಗೊತ್ತಾದರೂ ಆಗುತ್ತೆ, ಬೀಳದಿದ್ರೆ? ಒಂದು ಲೆಕ್ಕ ತಪ್ಪಾಗಿ, ಆ ತಪ್ಪು ಹಾಗೇ ಫೈಲ್ ಒಳಗೆ ಸೇವ್ ಆಗಿಬಿಟ್ಟರೆ? ಜಿಪ್ ಫೈಲ್ ತೆರೆಯಲ್ಲ, ಫೋಟೋದ ಅರ್ಧ ಭಾಗ ಬೂದು ಬಣ್ಣ, ಎಕ್ಸೆಲ್‌ನಲ್ಲಿ ಒಂದು ಸಂಖ್ಯೆ ಬೇರೆ. ಇದು ಗೊತ್ತಾಗೋದು ತಿಂಗಳುಗಳ ನಂತರ, ಅಷ್ಟರಲ್ಲಿ ಆ ತಪ್ಪು ಫೈಲ್ ಬ್ಯಾಕಪ್‌ಗೂ ಹೋಗಿರುತ್ತೆ. ಡ್ರೈವನ್ನ ಬಿಚ್ಚಿಡಿ ಅಂದಿದ್ದು ಇದಕ್ಕೇ. ಪರೀಕ್ಷೆ ಪೂರ್ತಿ ಮುಗಿಯೋವರೆಗೆ ಅಸಲಿ ಕೆಲಸವನ್ನ ಆ ಯಂತ್ರದಲ್ಲಿ ಮಾಡಬೇಡಿ. 'ಗೇಮ್ ಸರಿಯಾಗಿ ಓಡ್ತಿದೆ, ಹಾಗಾದ್ರೆ ಸರಿ ಇದೆ' ಅನ್ನೋ ಮಾತನ್ನ ನಂಬಬೇಡಿ. ಗೇಮ್‌ನಲ್ಲಿ ಒಂದು ಚುಕ್ಕೆಯ ಬಣ್ಣ ತಪ್ಪಿದರೆ ಕಣ್ಣಿಗೆ ಕಾಣಲ್ಲ. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಅದೇ ತಪ್ಪಾದರೆ ಬೇರೆ ಮಾತು.

ವಯಸ್ಸಿನ ವಿಷಯವೂ ಇದೆ. ಹೆಚ್ಚು ವೋಲ್ಟೇಜ್, ಹೆಚ್ಚು ಬಿಸಿ ಸೇರಿದಾಗ ಚಿಪ್ ಒಳಗಿನ ಸೂಕ್ಷ್ಮ ತಂತಿಗಳ ಲೋಹವೇ ನಿಧಾನವಾಗಿ ಜರುಗುತ್ತೆ. ಇದನ್ನ ಎಲೆಕ್ಟ್ರೋಮೈಗ್ರೇಷನ್ ಅಂತಾರೆ. ನಿನ್ನೆ 1.30 ವೋಲ್ಟ್‌ಗೆ ನಿಂತ ವೇಗಕ್ಕೆ ಎರಡು ವರ್ಷದ ಮೇಲೆ 1.33 ಬೇಕಾಗಬಹುದು. ವೋಲ್ಟೇಜ್ ಏನು ಮಾಡಬಲ್ಲದು ಅನ್ನೋದಕ್ಕೆ ಈಚಿನ ಉದಾಹರಣೆ ಬೇಕಾದ್ರೆ 2024 ನೋಡಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರ ಆಗ್ತಿದ್ದವು. ಮಿತಿಮೀರಿದ ವೋಲ್ಟೇಜ್ ಅದಕ್ಕೆ ಕಾರಣ ಅಂತ ಕಂಪನಿಯೇ ಒಪ್ಪಿ, ಮೈಕ್ರೋಕೋಡ್ ತಿದ್ದುಪಡಿ ಬಿಟ್ಟು, ವಾರಂಟಿಯನ್ನ ಎರಡು ವರ್ಷ ವಿಸ್ತರಿಸಿತು. ಅದು ಹೊಸ ಚಿಪ್. ನಿಮ್ಮದು ದಶಕ ದಾಟಿರೋದು, ವಾರಂಟಿ ಎಂದೋ ಮುಗಿದಿರೋದು.

ಹಾಗಾದ್ರೆ ಮಾಡಬೇಕಾ, ಬೇಡವಾ?

ನಿಮ್ಮ ಕೆಲಸ ಯಾವುದು ಅನ್ನೋದರ ಮೇಲಿದೆ. ನಾಲ್ಕೂ ಕೋರ್ ಬಳಸೋ ವಿಡಿಯೊ ಎನ್‌ಕೋಡಿಂಗ್ ಒಂದು ಗಂಟೆ ಹಿಡೀತಿದ್ರೆ, 4.5 ಗಿಗಾಹರ್ಟ್ಸ್‌ನಲ್ಲಿ ಹೆಚ್ಚೆಂದರೆ 45 ನಿಮಿಷಕ್ಕೆ ಇಳಿಯುತ್ತೆ. ದಿನಾ ಅದೇ ಕೆಲಸ ಮಾಡೋರಿಗೆ ಅದು ಒಳ್ಳೇ ಉಳಿತಾಯ. ಒಂದೇ ಕೋರ್ ಮೇಲೆ ನಿಂತ ಕೆಲಸದಲ್ಲಿ ಲಾಭ ಇನ್ನೂ ಕಡಿಮೆ. ಯಾಕಂದ್ರೆ ಆಗ ಟರ್ಬೊ ಈಗಾಗಲೇ 3.7 ಕೊಡ್ತಿದೆ, ಹೆಚ್ಚುವರಿ ಸಿಗೋದು ಶೇ. 22ರಷ್ಟು.

ಆದರೆ 'ಕಂಪ್ಯೂಟರ್ ಆನ್ ಆಗೋಕೆ ಐದು ನಿಮಿಷ, ಬ್ರೌಸರ್ ತೆರೆಯೋಕೆ ಒಂದು ನಿಮಿಷ' ಅನ್ನೋದು ನಿಮ್ಮ ದೂರಾದರೆ, ಅಪರಾಧಿ ಪ್ರೊಸೆಸರ್ ಅಲ್ಲ. ತಿರುಗೋ ಹಾರ್ಡ್ ಡಿಸ್ಕ್ ಒಂದು ತುಣುಕು ಮಾಹಿತಿ ಹುಡುಕೋಕೆ ಸುಮಾರು 10 ಮಿಲಿಸೆಕೆಂಡ್ ತಗೊಳ್ಳುತ್ತೆ, ಎಸ್‌ಎಸ್‌ಡಿ ಅದರ ನೂರರಲ್ಲಿ ಒಂದು ಪಾಲು. ಗುಣಕ ಎಷ್ಟೇ ಏರಿಸಿದ್ರೂ ಆ ಅಂತರ ಮುಚ್ಚಲ್ಲ. 4 ಜಿಬಿ ರ‍್ಯಾಮ್ ಇದ್ರೂ ಅಷ್ಟೇ, ಅದನ್ನ 8 ಮಾಡೋದೇ ಮದ್ದು.

ವೇಗದಿಂದ ಬಗೆಹರಿಯದ ಸಮಸ್ಯೆಗಳೂ ಇವೆ. ಸ್ಯಾಂಡಿ ಬ್ರಿಡ್ಜ್‌ಗೆ ಎವಿಎಕ್ಸ್2 ಅನ್ನೋ ಆದೇಶಗಳ ಗುಂಪೇ ಗೊತ್ತಿಲ್ಲ, ಅದು ಬಂದದ್ದು 2013ರ ಹ್ಯಾಸ್‌ವೆಲ್‌ನಲ್ಲಿ. ಅದು ಬೇಕೇ ಬೇಕು ಅನ್ನೋ ತಂತ್ರಾಂಶ 5 ಗಿಗಾಹರ್ಟ್ಸ್‌ನಲ್ಲೂ ಇಲ್ಲಿ ಓಡಲ್ಲ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್ ಥರದ್ದು ಹಾಕೋದು 300 ಮೆಗಾಹರ್ಟ್ಸ್ ಏರಿಸೋದಕ್ಕಿಂತ ದೊಡ್ಡ ಉಪಕಾರ.

ಕರೆಂಟ್ ಬಿಲ್ ಕೂಡ ನೆನಪಿರಲಿ. ಪೂರ್ತಿ ದುಡಿಯೋವಾಗ 60 ವ್ಯಾಟ್ ಹೆಚ್ಚಾಯ್ತು, ದಿನಕ್ಕೆ ನಾಲ್ಕು ಗಂಟೆ ಹಾಗೆ ದುಡೀತು ಅಂದ್ರೆ ತಿಂಗಳಿಗೆ ಸುಮಾರು 7 ಯೂನಿಟ್. ದೊಡ್ಡದಲ್ಲ, ಸೊನ್ನೆಯೂ ಅಲ್ಲ.

ನನ್ನನ್ನ ಕೇಳಿದ್ರೆ ಕ್ರಮ ಹೀಗಿರಲಿ: ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್, ಆಮೇಲೆ ಧೂಳು ಮತ್ತು ಪೇಸ್ಟ್. ಇಷ್ಟಾದ ಮೇಲೂ ನಿಮ್ಮ ಕೆಲಸ ಪ್ರೊಸೆಸರ್‌ಗೇ ಕಾಯ್ತಿದೆ ಅಂತ ಟಾಸ್ಕ್ ಮ್ಯಾನೇಜರ್ ತೋರಿಸಿದ್ರೆ, ಒಳ್ಳೇ ಕೂಲರ್ ಹಾಕಿ 4.2ರ ಆಸುಪಾಸಿಗೆ ಏರಿಸಿ, ಅಲ್ಲೇ ನಿಲ್ಲಿಸಿ. ಅಗ್ಗವಾಗಿ ಸಿಗೋ ಹೆಜ್ಜೆಗಳನ್ನ ತಗೊಳ್ಳಿ, ದುಬಾರಿ ಹೆಜ್ಜೆ ಬಿಡಿ. ಕಲಿಯೋ ಆಸೆಗೆ ಮಾಡ್ತೀನಿ ಅನ್ನೋರು ಧಾರಾಳವಾಗಿ ಮಾಡಿ. ಕಂಪ್ಯೂಟರ್ ಒಳಗೆ ತಾಳ, ವೋಲ್ಟೇಜ್, ಬಿಸಿ ಮೂರೂ ಹೇಗೆ ಒಂದಕ್ಕೊಂದು ಕಟ್ಟಿಕೊಂಡಿವೆ ಅಂತ ಇಷ್ಟು ಚೆನ್ನಾಗಿ ಕಲಿಸೋ ಪಾಠ ಇನ್ನೊಂದಿಲ್ಲ. ಆದರೆ ಅದಕ್ಕೆ ಮನೆಯವರ ಲೆಕ್ಕಪತ್ರ ಇರೋ ಯಂತ್ರ ಬೇಡ.

ಕೊನೆಯದಾಗಿ, ಎಸ್‌.ಪಿ. ರೋಡ್‌ನಲ್ಲೋ ಪರಿಚಯದವರ ಹತ್ತಿರವೋ ಹಳೇ ಡೆಸ್ಕ್‌ಟಾಪ್ ಕೊಂಡರೆ ಮೊದಲು ಬಯಾಸ್‌ಗೆ ಹೋಗಿ, ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ, ಆಮೇಲೆ ಪರೀಕ್ಷೆ ಓಡಿಸಿ. ನೀವೇ ಮಾರೋದಾದರೂ ಇದನ್ನೇ ಮಾಡಿ. ಇದು ಇಷ್ಟು ವರ್ಷ ಇಷ್ಟು ವೇಗದಲ್ಲಿ, ಇಷ್ಟು ವೋಲ್ಟೇಜಿನಲ್ಲಿ ಓಡಿದೆ ಅಂತ ಒಂದು ಚೀಟಿ ಬರೆದು ಕೊಡಿ. ಆ ಚಿಪ್‌ನಲ್ಲಿ ಉಳಿಸಿಟ್ಟ ಜಾಗದಲ್ಲಿ ಎಷ್ಟು ಖರ್ಚಾಗಿದೆ ಅನ್ನೋದು ಮುಂದೆ ಅದನ್ನ ಬಳಸೋರಿಗೂ ಗೊತ್ತಿರಬೇಕು.

ಇವತ್ತಿಗೆ ಇಷ್ಟು. ನಿಮ್ಮ ಹಳೇ ಯಂತ್ರದಲ್ಲಿ ಯಾವ ಪ್ರೊಸೆಸರ್ ಇದೆ ಅಂತ ಈಗಲೇ ಒಂದು ಸಲ ನೋಡಿಬಿಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.